ಕಂತ್ರಿ ಅಂತ ಗೊತ್ತಾದ ದಿನದಿಂದ ಅದು ನನ್ನ ನಾಯಿ

ಹೆಸರು, ಕೆಲಸ, ಬಡಾವಣೆ ಎಲ್ಲ ಬದಲಾಯಿಸಿದ್ದೇನೆ. ನಾಯಿಯ ಹೆಸರನ್ನೂ. ಆ ಬೀದಿಯಲ್ಲಿ ಆ ಹೆಸರಿನ ನಾಯಿ ಒಂದೇ ಇರುವುದು.

ನಾನು ಆಪ್ತಸಮಾಲೋಚಕಿ. ಅವರು ನನ್ನ ಹತ್ತಿರ ಬಂದದ್ದು ಗಂಡ ಹೆಂಡತಿ ಜಗಳಕ್ಕೆ. ಫಾರ್ಮ್‌ನಲ್ಲಿ ‘ಸಮಸ್ಯೆ ಏನು’ ಎಂಬಲ್ಲಿ ಗಂಡ ‘ಹೊಂದಾಣಿಕೆ ಇಲ್ಲ’ ಎಂದು ಬರೆದಿದ್ದರು. ಹೆಂಡತಿ ಖಾಲಿ ಬಿಟ್ಟಿದ್ದರು. ಆಕೆಯನ್ನು ಸುಮಾ ಎನ್ನೋಣ. 38 ವರ್ಷ, ಖಾಸಗಿ ಶಾಲೆಯಲ್ಲಿ ಟೀಚರ್. ಗಂಡ ಮಹೇಶ್, ಕಂಪನಿ ಕೆಲಸ. ಮಗಳು ಐದನೇ ಕ್ಲಾಸು. ಜೊತೆಯಲ್ಲಿ ಮಹೇಶ್ ತಾಯಿ. ಮೈಸೂರಿನಲ್ಲಿ ಸ್ವಂತ ಮನೆ, ಮುಂದೆ ಸಣ್ಣ ಕಾಂಪೌಂಡು. ಅಲ್ಲಿ ರಾಜ.

ಮೊದಲ ದಿನ ಮಾತೆಲ್ಲ ಒಂದು ಗೃಹಪ್ರವೇಶದ ಸುತ್ತ ನಡೆಯಿತು. ಹಾಸನದಲ್ಲಿ ಸುಮಾ ಅವರ ಅಣ್ಣ ಮನೆ ಕಟ್ಟಿಸಿದ್ದರು. ಈಕೆ ಬೆಳಿಗ್ಗೆ ಬಸ್ಸಿಗೆ ಹೋಗಿ, ಊಟ ಮುಗಿಸಿ, ಸಂಜೆ ಬಸ್ಸಿಗೆ ವಾಪಸ್ ಬಂದಿದ್ದರು. ಅಮ್ಮ ಮುನಿಸಿಕೊಂಡಿದ್ದರು. ಮಗಳನ್ನು ಒಂದು ರಾತ್ರಿಯೂ ತವರಲ್ಲಿ ಇರಲು ಬಿಡುವುದಿಲ್ಲ ಈ ಮನೆಯವರು ಅಂತ.

‘ನಾನು ಯಾವತ್ತು ಬೇಡ ಅಂದೆ?’ ಎಂದರು ಮಹೇಶ್.

‘ನೀವು ಬೇಡ ಅನ್ನಲಿಲ್ಲ ರೀ. ರಾಜನ್ನ ಯಾರು ನೋಡ್ಕೊಳ್ತಿದ್ರು?’

ಈ ಪ್ರಶ್ನೆಯನ್ನು ನಾನು ಅಲ್ಲೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನಾಯಿ ಒಂದು ನೆಪ, ಒಳಗೆ ಬೇರೇನೋ ಇದೆ ಅಂದುಕೊಂಡೆ. ನಮ್ಮ ಕಸುಬಿನವರಿಗೆ ಇದೊಂದು ಚಟ. ಕಣ್ಣೆದುರು ಇರುವುದನ್ನು ಬಿಟ್ಟು ಅದರ ಕೆಳಗೆ ಅಗೆಯುತ್ತೇವೆ.

ಅಗೆಯಲು ಜಾಗವೂ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಮಹೇಶ್ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಪರಿಚಯದವರೊಬ್ಬರು ಪ್ಯೂರ್ ಲ್ಯಾಬ್ (ಲ್ಯಾಬ್ರಡಾರ್) ಮರಿ ಇದೆ ಎಂದರು. ಒಳ್ಳೆಯ ದುಡ್ಡೇ ಕೊಟ್ಟು ತಂದರು. ಪೇಪರ್ ಗೀಪರ್ ಕೇಳಲಿಲ್ಲ. ನಾಲ್ಕೈದು ತಿಂಗಳಿಗೆ ಮರಿಯ ಕಿವಿ ಅರ್ಧ ಎದ್ದು ನಿಂತಿತು. ಬಾಲ ಮೇಲಕ್ಕೆ ಸುರುಳಿಯಾಯಿತು. ತಾಯಿ ಲ್ಯಾಬ್ ಇರಬಹುದು, ತಂದೆ ಖಂಡಿತ ಯಾವುದೋ ಬೀದಿಯವನು ಎಂದು ನಾಯಿ ಡಾಕ್ಟರ್ ನಕ್ಕರಂತೆ. ಅತ್ತೆಯವರು ‘ಕಂತ್ರಿಗೆ ಇಷ್ಟು ದುಡ್ಡು ಸುರಿದ್ಯಾ?’ ಎಂದರು. ಅಲ್ಲಿಂದ ಮುಂದೆ ಅವರ ಬಾಯಲ್ಲಿ ಅದು ‘ಬೆರಕೆ’ಯೇ.

ಸುಮಾ, ಮಹೇಶ್ ಇಬ್ಬರದೂ ಬೇರೆ ಬೇರೆ ಜಾತಿ. ಪ್ರೀತಿಸಿ ಮದುವೆಯಾದವರು. ನನಗೆ ಥಟ್ಟನೆ ಎಲ್ಲ ಹೊಳೆದುಬಿಟ್ಟಿತು! ಅತ್ತೆ ‘ಬೆರಕೆ’ ಎಂದಾಗಲೆಲ್ಲ ಸೊಸೆಗೆ ಅದು ತನ್ನ ಮಗಳನ್ನು ಅಂದ ಹಾಗೆ ಕೇಳಿಸುತ್ತಿರಬೇಕು. ಸುಮಾ ಒಬ್ಬರೇ ಇದ್ದಾಗ ಬಹಳ ನಾಜೂಕಾಗಿ ಇದನ್ನು ಮುಂದಿಟ್ಟೆ. ಆಕೆ ನನ್ನನ್ನು ಒಂದು ಕ್ಷಣ ನೋಡಿದರು.

‘ಮೇಡಂ, ಅದೆಲ್ಲ ಹದಿಮೂರು ವರ್ಷದ ಹಿಂದಿನ ಕಥೆ. ನಾನೂ ಅತ್ತೆನೂ ಜಗಳ ಆಡಿ ಮುಗಿಸಿದೀವಿ. ನಂಗೆ ಬೇಕಿರೋದು ಬೆಳಿಗ್ಗೆ ಅರ್ಧ ಗಂಟೆ ಜಾಸ್ತಿ ನಿದ್ದೆ.’

ಆಮೇಲೆ ತಡೆದು ಹೇಳಿದರು: ‘ಲ್ಯಾಬ್ ಆಗಿದ್ದಾಗ ಅದು ಇವರ ನಾಯಿ. ಕಂತ್ರಿ ಅಂತ ಗೊತ್ತಾದ ದಿನದಿಂದ ಅದು ನನ್ನ ನಾಯಿ.’

ನಾನು ಅಗೆಯುವುದನ್ನು ನಿಲ್ಲಿಸಿದೆ. ಒಂದು ವಾರ ನೋಟ್‌ಬುಕ್ ಇಡಿ ಎಂದೆ. ರಾಜನಿಗಾಗಿ ಯಾರು ಏನು ಮಾಡಿದರೂ ಅವರೇ ಅದರಲ್ಲಿ ಬರೆಯಬೇಕು. ಯಾರೂ ಯಾರಿಗೂ ಜ್ಞಾಪಿಸಬಾರದು. ಮುಂದಿನ ವಾರ ಬಂದ ಪುಟಗಳಲ್ಲಿ ಸುಮಾ ಕೈಬರಹ ಹೀಗಿತ್ತು:

‘5.20 ಹೊರಗೆ. 6.00 ಹಿತ್ತಲ ಒಲೆಯಲ್ಲಿ ಅನ್ನ, ಮೊಟ್ಟೆ (ಅತ್ತೆ ಒಳಗೆ ಮೊಟ್ಟೆ ಸೇರಿಸಲ್ಲ). 3.45 ಸ್ಕೂಲಿಂದ ಬಂದು ಮತ್ತೆ ಹೊರಗೆ. ಮಳೆ, ನಾಲ್ಕು ಕಾಲೂ ಒರೆಸಿದ್ದು. ಕಿವಿ ಸಂದಿಯಲ್ಲಿ ಉಣ್ಣೆ, ನಾಲ್ಕು ತೆಗೆದೆ. ಸೋಫಾ ಕೂದಲು ಗುಡಿಸಿದ್ದು. ಪಕ್ಕದ ಮನೆಯವರು ರಾತ್ರಿ ಬೊಗಳುತ್ತೆ ಅಂದರು, ಸಮಾಧಾನ ಹೇಳಿದೆ. 9.30 ಹೊರಗೆ.’

ಏಳು ದಿನವೂ ಹೀಗೇ. ಮಗಳು ‘ಬ್ರಷ್ ಮಾಡಿದೆ’ ಎಂದು ಮೂರು ದಿನ ಬರೆದಿದ್ದಳು. ಅತ್ತೆ ಬರೆಯಲಿಲ್ಲ. ಮಹೇಶ್ ಬರೆದದ್ದು ಒಂದೇ ಸಾಲು: ‘ಭಾನುವಾರ, ಕಾರಿನಲ್ಲಿ ಒಂದು ರೌಂಡು.’

ಮಹೇಶ್ ಆ ಪುಟಗಳನ್ನು ಎರಡು ಸಲ ತಿರುವಿ ಹಾಕಿದರು. ‘ಪಕ್ಕದ ಮನೆಯವರು ಬಂದಿದ್ದು ನಂಗೆ ಗೊತ್ತೇ ಇಲ್ಲ’ ಎಂದರು. ಆತ ಕೆಟ್ಟವರಲ್ಲ. ನಾಯಿ ಸಾಕುವುದೆಂದರೆ ನಾಯಿಯನ್ನು ಪ್ರೀತಿಸುವುದು ಎಂದುಕೊಂಡಿದ್ದರು, ಅಷ್ಟೇ.

ಇಷ್ಟರಲ್ಲಿ ದೀಪಾವಳಿ ಬಂತು. ಪಟಾಕಿಗೆ ಹೆದರಿ ರಾಜ ಮಂಚದ ಕೆಳಗೆ ಸೇರಿಕೊಂಡಿದ್ದ. ನೆಂಟರ ಮಗು ತೆವಳಿಕೊಂಡು ಒಳಗೆ ಹೋಗಿ ಅವನ ಕಿವಿ ಹಿಡಿದು ಎಳೆಯಿತು. ರಾಜ ಹಲ್ಲು ತೋರಿಸಿ ಗುರ್ ಎಂದ. ಕಚ್ಚಲಿಲ್ಲ. ಮನೆ ತುಂಬ ಗಲಾಟೆ. ಮಹೇಶ್ ಬೆಲ್ಟಿನಿಂದ ಎರಡು ಬಾರಿಸಿದರು. ‘ಎಲ್ಲಾದ್ರೂ ದೂರ ಬಿಟ್ಟು ಬಾ’ ಎಂದರು ಅತ್ತೆ. ಮಾರನೆಯ ವಾರ ಮೂವರೂ ಬಂದರು. ಅತ್ತೆಯವರು ಬಂದದ್ದು ಅದೇ ಮೊದಲು.

ನಾನು ನಾಯಿಯ ಡಾಕ್ಟರಲ್ಲ ಎಂದು ಮೊದಲೇ ಹೇಳಿದೆ. ಆದರೆ ಮೂರು ವಿಷಯ ಖಚಿತವಾಗಿ ಹೇಳಬಲ್ಲವಳಾಗಿದ್ದೆ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೇ ಹೊಡೆದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚಬಹುದು. ಹೆದರಿ ಅಡಗಿಕೊಂಡ ನಾಯಿಯ ಹತ್ತಿರ ಮಗುವನ್ನು ಬಿಟ್ಟದ್ದು ದೊಡ್ಡವರ ತಪ್ಪು. ಅವನು ಮಲಗುವ ಮೂಲೆಗೆ ಮಕ್ಕಳು ಹೋಗಬಾರದು, ಅದು ಮನೆಯ ಕಾನೂನಾಗಲಿ ಎಂದೆ. ಒಂದು ವೇಳೆ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚುವುದು ಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ನಾಯಿಗೆ ಇಂಜೆಕ್ಷನ್ ಆಗಿದೆ ಅಂತ ಸುಮ್ನೆ ಕೂರಬಾರದು. ಇನ್ನು ದೂರ ಬಿಟ್ಟು ಬರುವುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ, ಅನ್ನ ನೀರಿಲ್ಲದೆ ಒದ್ದಾಡುವ ಹಾಗೆ ಪ್ರಾಣಿಯನ್ನು ಬಿಟ್ಟುಬರುವುದು ಅಪರಾಧ. ಅದರಲ್ಲಿ ಮೊದಲ ಸಲಕ್ಕೆ ಬರೆದಿರುವ ದಂಡ 10ರಿಂದ 50 ರೂಪಾಯಿ. ಇದನ್ನು ಹೇಳಿದಾಗ ಅತ್ತೆ ನಕ್ಕುಬಿಟ್ಟರು. ನನಗೂ ನಗು ಬಂತು. ಆದರೂ ಅಪರಾಧ ಅಪರಾಧವೇ. ಮನೆಯ ಊಟಕ್ಕೆ ಒಗ್ಗಿದವನು ಹೈವೇ ಪಕ್ಕ ಎಷ್ಟು ದಿನ ಬದುಕುತ್ತಾನೆ ಎಂದು ಕೇಳಿದೆ. ಅತ್ತೆ ಉತ್ತರ ಕೊಡಲಿಲ್ಲ.

ಒಳ್ಳೆಯ ಮನೆ ನೋಡಿ ಕೊಡುವುದು ಬೇರೆ ವಿಷಯ, ಅದು ಪಾಪವಲ್ಲ ಎಂದೂ ಹೇಳಿದೆ. ಸಾಕಲು ಆಗದಿದ್ದಾಗ ಅದೇ ಸರಿ. ಸುಮಾ ತಲೆಯಾಡಿಸಿ ಬೇಡ ಎಂದರು. ಆಶ್ಚರ್ಯವೆಂದರೆ ಮಹೇಶ್ ಕೂಡ.

ಹಾಗಾದರೆ ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಈ ಸಲ ಮಹೇಶ್ ಒಬ್ಬರೇ ಎಂದೆ. ನೋಡಿದರೆ ರಾಜನ ಬಲಗಿವಿ ಒಳಗೆಲ್ಲ ಕೀವು. ಮಗು ಎಳೆದದ್ದು ಅದೇ ಕಿವಿ. ತೂಕ 38 ಕೆಜಿ, ಎಂಟು ಕೆಜಿಯಾದರೂ ಇಳಿಯಬೇಕು ಎಂದರಂತೆ. ಲ್ಯಾಬ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಒಂದು ಜೀನ್ ಬದಲಾಗಿದ್ದು, ಅವಕ್ಕೆ ಹಸಿವು ಜಾಸ್ತಿ ಎಂದು 2016ರಲ್ಲಿ ಕೇಂಬ್ರಿಡ್ಜ್‌ನವರು ಕಂಡುಹಿಡಿದಿದ್ದಾರೆ. ರಾಜನಿಗೆ ಅಮ್ಮನಿಂದ ಅದು ಬಂದಿರಬಹುದು, ಬರದೆಯೂ ಇರಬಹುದು. ಅಜ್ಜಿಯಿಂದ ಕೋಡುಬಳೆಯಂತೂ ಬರುತ್ತಿತ್ತು. ‘ಹಾಗೆ ನೋಡುತ್ತೆ ಕಣಮ್ಮ, ಏನ್ ಮಾಡ್ಲಿ?’ ಎಂದರು ಅತ್ತೆ ನನಗೆ. ಹಬ್ಬದ ಪಾಯಸವೂ ಹೋಗುತ್ತಿತ್ತಂತೆ. ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ, ಈರುಳ್ಳಿ ಹಾಕಿದ ಹುಳಿಯೂ ಆಗದು ಎಂದು ಡಾಕ್ಟರ್ ಹೇಳಿ ಕಳಿಸಿದ್ದು ಮಹೇಶರ ತಲೆಗೆ ಹೋಗಿತ್ತು. ಆ ದಿನ ರಾಜನ ಬಗ್ಗೆ ಮಾತಾಡಿದ್ದೆಲ್ಲ ಮಹೇಶರೇ. ನನಗೆ ಅದು ಸಣ್ಣ ಸುದ್ದಿಯಲ್ಲ.

ಕೆಲಸ ಹಂಚುವಾಗ ಒಂದು ಹಟ ಹಿಡಿದೆ. ‘ಸಹಾಯ’ ಎಂಬ ಮಾತು ಬೇಡ. ಸಹಾಯ ಎಂದರೆ ಕೆಲಸ ಇನ್ನೊಬ್ಬರದೇ ಎಂದು ಒಪ್ಪಿಕೊಂಡ ಹಾಗೆ. ಎಲ್ಲದರಲ್ಲೂ ಅರ್ಧ ಅರ್ಧವೂ ಬೇಡ. ಅರ್ಧ ಮಾಡುವವರಿಗೆ ಉಳಿದವರು ಜ್ಞಾಪಿಸುತ್ತಲೇ ಇರಬೇಕಾಗುತ್ತದೆ, ಜ್ಞಾಪಿಸುವುದೂ ಒಂದು ಕೆಲಸ. ಅದಕ್ಕೇ ಇಡಿಯಾಗಿ ಕೊಟ್ಟೆವು. ಬೆಳಗಿನ ಸುತ್ತು, ರಾತ್ರಿಯ ಸುತ್ತು, ಡಾಕ್ಟರ್ ಲೆಕ್ಕ ಮಹೇಶರದು. ವರ್ಷದ ರೇಬಿಸ್ ಇಂಜೆಕ್ಷನ್, ಜಂತುಹುಳದ ಮಾತ್ರೆ, ಉಣ್ಣೆಗೆ ಔಷಧಿ, ಯಾವುದು ಯಾವಾಗ ಅಂತ ಆತನ ಫೋನಿನಲ್ಲೇ ಇರಬೇಕು. ಊಟ, ಮಧ್ಯಾಹ್ನದ ಸುತ್ತು ಸುಮಾ. ಬ್ರಷ್ ಮಗಳು. ಅತ್ತೆಗೆ ಏನೂ ಹಂಚಲಿಲ್ಲ, ಕೋಡುಬಳೆ ಡಬ್ಬಿ ಮೇಲಿನ ಶೆಲ್ಫಿಗೆ ಹೋಯಿತು ಅಷ್ಟೇ. ಸುಮಾ ಅವರಿಗೂ ಒಂದು ಕರಾರು. ಮಹೇಶ್ ಮಾಡುವುದನ್ನು ತಿದ್ದಬಾರದು. ಐದೂವರೆಗೆ ಹೋಗುವ ಬದಲು ಆರೂವರೆಗೆ ಹೋದರೆ ಹೋಗಲಿ. ಈ ಕರಾರೇ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ವಾರ ಐದು ಇಪ್ಪತ್ತಕ್ಕೆ ಎಚ್ಚರವಾಗಿ, ಹೊದಿಕೆಯೊಳಗೇ ಕಣ್ಣುಬಿಟ್ಟುಕೊಂಡು ಮಲಗಿರುತ್ತಿದ್ದರಂತೆ.

ಮಹೇಶ್ ಎರಡು ಸಲ ಮರೆತರು. ಒಂದು ಸಲ ರಾಜ ಹಾಲ್‌ನಲ್ಲೇ ಗಲೀಜು ಮಾಡಿದ. ಯಾರು ಒರೆಸಿದರು ಎಂದು ಕೇಳಿದೆ. ಮಹೇಶ್ ಕೈಯೆತ್ತಿದರು.

ಎರಡು ತಿಂಗಳಾದ ಮೇಲೆ ಸುಮಾ ಹಾಸನಕ್ಕೆ ಹೋಗಿ ಎರಡು ರಾತ್ರಿ ಇದ್ದು ಬಂದರು. ಫೋನ್ ಮಾಡಿ ನಾಯಿಯ ವಿಷಯ ಕೇಳಬಾರದು ಎಂದು ನಾನು ಹೇಳಿದ್ದೆ. ಮೊದಲ ರಾತ್ರಿ ಹತ್ತು ಗಂಟೆಗೆ ಮಾಡಿಯೇ ಬಿಟ್ಟರು. ಎತ್ತಿದ್ದು ಅತ್ತೆ. ‘ಕಂತ್ರಿ ಊಟ ಮುಟ್ಟಿಲ್ಲ, ಗೇಟಿನ ಹತ್ರ ಕೂತಿದೆ. ನೀನು ಮಲಗು’ ಎಂದು ಇಟ್ಟರಂತೆ.

ಕೊನೆಯ ಭೇಟಿಗೆ ನೋಟ್‌ಬುಕ್ ಮತ್ತೆ ಬಂತು. ಆ ರಾತ್ರಿಯ ಪುಟದಲ್ಲಿ ಮಹೇಶ್ ಬರೆದಿದ್ದರು:

‘11.40 ಹೊರಗೆ. ಮಳೆ. ಬರಲ್ಲ ಅಂತ ಕೂತ. ನಾನೂ ಪಕ್ಕದಲ್ಲಿ ಕೂತೆ. 12.10ಕ್ಕೆ ಎದ್ದ.’