ಬಹುಮಾನಕ್ಕಿಟ್ಟ ಕೀಟದ ಪೆಟ್ಟಿಗೆಯಲ್ಲಿ ಪುಡಿ ಬೀಳುತ್ತಿದ್ದರೆ

ಒಣಗಿಸಿ ಪಿನ್ ಚುಚ್ಚಿಟ್ಟ ದುಂಬಿಗಳ ಕೆಳಗೆ ಕಂದು ಪುಡಿ, ಕಾಲು ಉದುರುತ್ತಿವೆ, ಕೀಟ ಸಂಗ್ರಹದ ಸ್ಪರ್ಧೆ ಮುಂದಿನ ತಿಂಗಳು, ಏನು ಮಾಡಲಿ ಅಂತ ಕೇಳಿದಿರಿ. ಡರ್ಮೆಸ್ಟಿಡ್ ಅನ್ನೋ ಪುಟ್ಟ ದುಂಬಿಯ ಮರಿಹುಳು ಸೇರಿರಬೇಕು. ಒಣಗಿದ ಕೀಟವೇ ಅದರ ಊಟ. ಪುಡಿಯಲ್ಲಿ ಅದು ಕಳಚಿದ, ಕೂದಲಿರುವ ಸಣ್ಣ ಪೊರೆ ಸಿಕ್ಕರೆ ಖಾತ್ರಿ. ಫೋಟೋ ನೋಡದೆ ಇಷ್ಟೇ ಹೇಳಬಲ್ಲೆ. ಬಿಳಿ ಬೂಸ್ಟು ಕಂಡರೆ ಮಾತ್ರ ಅದು ತೇವದ ಕಾಟ, ಬೇರೆ ಕಥೆ.

ನ್ಯಾಫ್ತಲೀನ್ ನುಸಿಗುಳಿಗೆ ಹೊಸ ಹುಳು ಬರದಂತೆ ತಡೆಯುತ್ತೆ, ಒಳಗಿರೋದನ್ನು ಕೊಲ್ಲೋದು ಕಷ್ಟ. ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ 2 ವಾರ ಇಡಿ. ಮನೆ ಫ್ರಿಡ್ಜ್ ಸಾಲದೇ ಹೋಗಬಹುದು. ನಾನು ದಾವಣಗೆರೆಯಲ್ಲಿ ಒಂದು ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಿ ಇಟ್ಟಿದ್ದೆ. ಅವರ ಮುಖ ನೋಡಬೇಕಿತ್ತು! ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಬೇಗ ಬಿಚ್ಚಿದರೆ ಕೀಟದ ಮೇಲೆ ನೀರು ಕೂರುತ್ತೆ. ಆಮೇಲೆ ಮೆತ್ತನೆ ಬ್ರಶ್ಶಿನಿಂದ ಪುಡಿ ತೆಗೆದು, ಉದುರಿದ ಕಾಲನ್ನು ಚೂರು ಫೆವಿಕಾಲ್ ಹಚ್ಚಿ ಅಂಟಿಸಿ.

ಬಹುಮಾನಕ್ಕೆ ಅಂದಕ್ಕಿಂತ ಚೀಟಿ ಮುಖ್ಯ ಅಂತ ನನ್ನ ಲೆಕ್ಕ. ಪ್ರತಿ ಪಿನ್ನಿಗೂ ಊರು, ತಾರೀಕು, ಹಿಡಿದವರ ಹೆಸರು ಬೇಕು. ಸುಮ್ನೆ 'ದುಂಬಿ' ಅಂತಲ್ಲ, 'ಚನ್ನಗಿರಿ, ತೆಂಗಿನ ತೋಟ, 12-6-2024' ಅಂತ. ದುಂಬಿಗೆ ಪಿನ್ ಬಲಗಡೆಯ ಗಟ್ಟಿ ರೆಕ್ಕೆಯಲ್ಲಿ ಚುಚ್ಚಬೇಕು, ನಡುವೆ ಅಲ್ಲ. ಕೆಲವು ಚಿಟ್ಟೆಗಳು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ. ಹೆಸರು ಗೊತ್ತಿಲ್ಲದ್ದನ್ನು ವಿಚಾರಿಸಿಯೇ ಇಡಿ.