ಶಾಲೆಯಲ್ಲಿ ಪಾಠ ಮಾಡಿ ಬಂದು ಸಂಜೆ ಹಾಡಲು ಕೂತರೆ ದನಿ ಒಡೆಯುತ್ತದೆ, ಏನು ಮಾಡಲಿ?

ನೀವು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕೆಲವು ವರ್ಷಗಳಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೀರಿ. ಬೆಳಿಗ್ಗೆ ದನಿ ಚೆನ್ನಾಗಿಯೇ ಇರುತ್ತದೆ, ಸಂಜೆ ಸಾಧನೆಗೆ ಕೂತರೆ ತಾರ ಷಡ್ಜ (ಮೇಲಿನ ಸ) ಮುಟ್ಟುವಷ್ಟರಲ್ಲಿ ಒಡೆಯುತ್ತದೆ, ಶುಕ್ರವಾರ ಬಂದರೆ ಇನ್ನೂ ಕಷ್ಟ. ರಾಮನವಮಿಗೆ ದೇವಸ್ಥಾನದಲ್ಲಿ ಒಂದು ಗಂಟೆ ಹಾಡಬೇಕು. ಮೆಣಸಿನ ಕಷಾಯ, ಜ್ಯೇಷ್ಠಮಧು, ಜೇನುತುಪ್ಪ ಎಲ್ಲ ಆಯ್ತು, ಮೊಸರು ಬಿಟ್ಟಿದ್ದೂ ಆಯ್ತು, ಇನ್ನೇನು ಕುಡಿಯಲಿ ಅಂತ ಕೇಳಿದ್ದೀರಿ.

ನಾನು ಮೈಸೂರಿನಲ್ಲಿ ಹಾಡುಗಾರಿಕೆ ಹೇಳಿಕೊಡುತ್ತೇನೆ, ಕಛೇರಿಗಳನ್ನೂ ಮಾಡುತ್ತೇನೆ. ನನ್ನ ಹತ್ತಿರ ಕಲಿಯುವವರಲ್ಲಿ ಶಾಲಾ ಟೀಚರ್‌ಗಳು ಯಾವಾಗಲೂ ಇರುತ್ತಾರೆ. ಅವರನ್ನು ನೋಡುತ್ತಾ ಬಂದು ನನಗೆ ಖಚಿತವಾಗಿರುವುದು ಇಷ್ಟು: ನಿಮ್ಮ ಗಂಟಲನ್ನು ದಣಿಸುತ್ತಿರುವುದು ಹಾಡಲ್ಲ, ಮಾತು. ಏಪ್ರಿಲ್-ಮೇ ರಜೆಯಲ್ಲಿ ಇವರೆಲ್ಲ ಮಾಮೂಲಿಗಿಂತ ಜಾಸ್ತಿ ಸಾಧನೆ ಮಾಡುತ್ತಾರೆ. ಆದರೂ ದನಿ ತಿಳಿಯಾಗಿರುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಒಂದೆರಡು ವಾರ ಆಗುವುದೇ ತಡ, ಮತ್ತೆ ಗೊರಗೊರ. ಹಾಡಿನಿಂದಲೇ ಕೆಡುವುದಾಗಿದ್ದರೆ ಇದು ಉಲ್ಟಾ ಆಗಬೇಕಿತ್ತು, ಅಲ್ವಾ?

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ನಮ್ಮ ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಹೆಂಗಸರಲ್ಲಿ ಇವು ಒಂದೂವರೆ ಸೆಂಟಿಮೀಟರ್ ಆಸುಪಾಸು ಉದ್ದ, ಅಷ್ಟೇ. ಮಾತಾಡುವಾಗ ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗಿ ಬಿಡುತ್ತವೆ. ಗಂಡಸರಲ್ಲಿ ಸುಮಾರು 110ರಿಂದ 120 ಸಲ. ಶಾಲೆಯಲ್ಲಿ ಇಡೀ ದಿನ ಸೇರಿ ಎರಡೇ ಗಂಟೆ ನಿಮ್ಮ ದನಿ ಹೊರಟಿತು ಅಂತಿಟ್ಟುಕೊಂಡರೂ 14 ಲಕ್ಷ ಸಲ ತಾಗಿದ ಹಾಗಾಯಿತು. ಅದೂ ಮಕ್ಕಳ ಗಲಾಟೆಯ ಮೇಲೆ ದನಿ ಏರಿಸಿ. ಜೋರಾದಷ್ಟೂ ಪೆಟ್ಟು ಗಟ್ಟಿ. ಆಮೇಲೆ ಮನೆಗೆ ಬಂದು ಅದೇ ತಂತುಗಳನ್ನು ಐದೂವರೆ ಶ್ರುತಿಯ (ಹಾರ್ಮೋನಿಯಂನ ಜಿ ಶಾರ್ಪ್ ಮನೆ) ತಾರ ಷಡ್ಜಕ್ಕೆ, ಅಂದರೆ ಸೆಕೆಂಡಿಗೆ 415 ಕಂಪನಕ್ಕೆ ಎಳೆಯುತ್ತೀರಿ. ದನಿ ಒಡೆಯುವುದು ಅಲ್ಲಿ ನಿಜ, ಆದರೆ ದಣಿದಿರುವುದು ಮಧ್ಯಾಹ್ನದ ಮೂರನೇ ಪೀರಿಯಡ್‌ನಲ್ಲಿ.

ಈಗ ಕುಡಿಯುವ ವಿಷಯ. ನಾವು ನುಂಗಿದ್ದು ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗುವಾಗ ಶ್ವಾಸದ ದಾರಿ ಮುಚ್ಚಿಕೊಂಡು ಆಹಾರ ಅನ್ನನಾಳಕ್ಕೆ ಹೋಗುತ್ತದೆ. ದಾರಿ ತಪ್ಪಿದರೆ ನೆತ್ತಿಗೇರಿ ಕೆಮ್ಮು ಬರುತ್ತದೆ. ಹಾಗಾಗಿ ಜೇನುತುಪ್ಪ, ಜ್ಯೇಷ್ಠಮಧು, ಕಲ್ಲುಸಕ್ಕರೆ ಗಂಟಲಿನ ಮೇಲ್ಭಾಗಕ್ಕೆ ಹಿತ ಕೊಡುತ್ತವೆ, ಎಂಜಲು ಊರಿಸುತ್ತವೆ. ತಿನ್ನಬೇಡಿ ಅನ್ನುವುದಿಲ್ಲ, ನಾನೂ ತಿನ್ನುತ್ತೇನೆ. ಆದರೆ ಇವು ದಣಿದ ತಂತುಗಳನ್ನು ರಿಪೇರಿ ಮಾಡುತ್ತವೆ ಅಂತ ನಂಬಿಕೊಂಡು ಕೂರಬೇಡಿ. ಬಿಪಿ ಇರುವವರು ಜ್ಯೇಷ್ಠಮಧುವನ್ನು ದಿನಾ ಅಗಿಯುತ್ತಿರಬಾರದು, ಅದು ಬಿಪಿ ಏರಿಸುತ್ತದೆ. ಗಂಟಲು ಮರಗಟ್ಟಿಸುವ ಸ್ಪ್ರೇ, ಖಾರದ ಮೆಂಥಾಲ್ ಗುಳಿಗೆ ಬಾಯಲ್ಲಿಟ್ಟುಕೊಂಡು ಹಾಡುವುದಂತೂ ಬೇಡವೇ ಬೇಡ. ನೋವು ಇದೆ ಅಂತ ಗೊತ್ತಾಗದೆ ಇನ್ನಷ್ಟು ಒತ್ತಿ ಹಾಡಿಬಿಡುತ್ತೀರಿ.

ನೀರು ಬೇಕು. ಆದರೆ ಅದೂ ರಕ್ತದ ಮೂಲಕವೇ ತಂತುಗಳನ್ನು ತಲುಪಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ವೇದಿಕೆ ಮೇಲೆ ಗುಟುಕು ಬಿಸಿನೀರು ಕುಡಿದರೆ ಬಾಯಿ ಒದ್ದೆಯಾಗುತ್ತದೆ, ಅಷ್ಟೇ. ಸಂಜೆ ಏಳಕ್ಕೆ ಹಾಡಬೇಕಾದರೆ ಬೆಳಿಗ್ಗೆಯಿಂದಲೇ ನೀರು ಕುಡಿಯುತ್ತಾ ಬನ್ನಿ. ಎಷ್ಟೋ ಟೀಚರ್‌ಗಳು ಶಾಲೆಯ ಶೌಚಾಲಯಕ್ಕೆ ಹೋಗುವುದು ತಪ್ಪಲಿ ಅಂತ ಇಡೀ ದಿನ ನೀರೇ ಕುಡಿಯುವುದಿಲ್ಲ. ನನಗೆ ತುಂಬಾ ಬೇಜಾರಾಗುವ ವಿಷಯ ಇದು. ತಂತುಗಳ ಮೇಲ್ಮೈಗೆ ನೇರವಾಗಿ ತಲುಪುವುದು ಹಬೆ ಒಂದೇ. ಬರೀ ನೀರಿನ ಹಬೆ ಸಾಕು, ಮುಲಾಮು, ನೀಲಗಿರಿ ಎಣ್ಣೆ ಬೇಕಾಗಿಲ್ಲ, ಕೆಲವರಿಗೆ ಅವು ಉರಿ ತರುತ್ತವೆ. ಶಾಲೆಯಿಂದ ಬಂದ ಮೇಲೆ ಐದು-ಹತ್ತು ನಿಮಿಷ ತೆಗೆದುಕೊಳ್ಳಿ.

ಮೊಸರು ತಿಂದರೆ ಕಫ ಕಟ್ಟಿದ ಹಾಗೆ ನಿಮಗೆ ಅನ್ನಿಸಿದರೆ ಹಾಡುವ ದಿನ ಬಿಡಿ. ಅನ್ನಿಸದಿದ್ದರೆ ಧಾರಾಳವಾಗಿ ತಿನ್ನಿ. ಅದಕ್ಕಿಂತ ಗಮನ ಕೊಡಬೇಕಾದದ್ದು ರಾತ್ರಿ ಊಟದ ಸಮಯಕ್ಕೆ. ಹಾಡುಗಾರರಲ್ಲಿ ಇದು ಬಹಳ ಸಾಮಾನ್ಯ: ಕಾರ್ಯಕ್ರಮ ಮುಗಿಸಿ ಹತ್ತೂವರೆಗೆ ಹೊಟ್ಟೆ ತುಂಬಾ ಉಂಡು ಹನ್ನೊಂದಕ್ಕೆ ಮಲಗುವುದು. ಹೊಟ್ಟೆಯ ಹುಳಿ ಮೇಲೆ ಬಂದು ಧ್ವನಿಪೆಟ್ಟಿಗೆಯ ಹಿಂಭಾಗವನ್ನು ಸುಡುತ್ತದೆ. ಎದೆ ಉರಿ ಇಲ್ಲದೆಯೂ ಇದು ಆಗಬಹುದು. ಎದ್ದಾಗಲೇ ದನಿ ಒರಟು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಮತ್ತೆ ಮತ್ತೆ ಕ್ಯಾಕರಿಸಬೇಕು ಅನ್ನಿಸುವುದು, ಇವು ಅದರ ಸೂಚನೆ. ಬೆಳಿಗ್ಗೆ ನಿಮ್ಮ ದನಿ ಚೆನ್ನಾಗಿರುವುದರಿಂದ ನಿಮಗೆ ಇದು ಮುಖ್ಯ ಕಾರಣ ಇರಲಾರದು. ಆದರೂ ಊಟಕ್ಕೂ ಮಲಗುವುದಕ್ಕೂ ಎರಡು-ಮೂರು ಗಂಟೆ ಅಂತರ ಇಟ್ಟುಕೊಳ್ಳಿ. ಕ್ಯಾಕರಿಸುವ ಅಭ್ಯಾಸ ಇದ್ದರೆ ಬಿಡಿ. ಅದರಿಂದ ತಂತುಗಳು ಜೋರಾಗಿ ಉಜ್ಜಿಕೊಳ್ಳುತ್ತವೆ. ಎಂಜಲು ನುಂಗಿ, ಇಲ್ಲವೇ ಒಂದು ಗುಟುಕು ನೀರು ಕುಡಿಯಿರಿ.

ಇನ್ನು ತರಗತಿ. ಮೊದಲು ಮಾಡಬೇಕಾದದ್ದು, ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ಸೆಟ್ ಒಂದು ತೆಗೆದುಕೊಳ್ಳಿ. ಟೂರಿಸ್ಟ್ ಗೈಡ್‌ಗಳು ಹಾಕಿಕೊಂಡಿರುತ್ತಾರಲ್ಲ, ಅದೇ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಅದು ಶೋಕಿಯಲ್ಲ. ಗದ್ದಲ ಇರುವ ಕಡೆ ನಮಗೆ ಗೊತ್ತಿಲ್ಲದೆಯೇ ದನಿ ಏರುತ್ತದೆ. ಎಟಿಯೆನ್ ಲೊಂಬಾರ್ಡ್ ಅನ್ನುವ ಫ್ರೆಂಚ್ ವೈದ್ಯರು 1911ರಲ್ಲೇ ಇದನ್ನು ಗುರುತಿಸಿದ್ದರು, ಅವರ ಹೆಸರಿನಲ್ಲೇ ಇಂದಿಗೂ ಕರೆಯುತ್ತಾರೆ. ಇಚ್ಛಾಶಕ್ತಿಯಿಂದ ಇದನ್ನು ತಡೆಯುವುದು ಕಷ್ಟ, ಗದ್ದಲವನ್ನೇ ಕಡಿಮೆ ಮಾಡಬೇಕು. ಮಕ್ಕಳನ್ನು ಸುಮ್ಮನಾಗಿಸಲು ಕೂಗುವ ಬದಲು ಚಪ್ಪಾಳೆಯ ತಾಳ ಹಾಕಿ. ಆದಿತಾಳ ಗೊತ್ತಿರುವ ನಿಮಗೆ ಮಕ್ಕಳಿಗೆ ಅದನ್ನು ಆಟದ ಹಾಗೆ ಕಲಿಸುವುದು ಸುಲಭ. ಮೈದಾನದ ಆ ತುದಿಯಲ್ಲಿರುವವರನ್ನು ಕೂಗಬೇಡಿ, ಸೀಟಿ ಊದಿ. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬೇಡಿ, ಬರೆದು ಮುಗಿಸಿ ಮಕ್ಕಳ ಕಡೆ ತಿರುಗಿ. ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಮೌನವಾಗಿರಿ, ಸಹೋದ್ಯೋಗಿಗಳಿಗೆ ಹೇಳಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಮೌನ ಅಂದರೆ ಪಿಸುಮಾತೂ ಅಲ್ಲ. ತುಂಬಾ ಜನ ಪಿಸುಗುಟ್ಟುವಾಗ ಧ್ವನಿಪೆಟ್ಟಿಗೆಯನ್ನು ಇನ್ನೂ ಬಿಗಿ ಹಿಡಿಯುತ್ತಾರೆ. ಮಾತಾಡಲೇಬೇಕಾದರೆ ಮೆಲ್ಲಗೆ, ಸಹಜ ದನಿಯಲ್ಲಿ ಮಾತಾಡಿ.

ಶ್ರುತಿಯ ಬಗ್ಗೆ ಸ್ವಲ್ಪ ಬಿಚ್ಚಿ ಹೇಳಬೇಕು. ನಿಮ್ಮ ಕ್ಲಾಸಿನಲ್ಲಿ ಎಲ್ಲರೂ ಐದೂವರೆಗೆ ಹಾಡುತ್ತೀರಿ ಅಂದಿದ್ದೀರಿ. ಗುಂಪು ಪಾಠದಲ್ಲಿ ಬೇರೆ ದಾರಿ ಇರುವುದಿಲ್ಲ, ಅರ್ಥವಾಗುತ್ತದೆ. ಆದರೆ ಮನೆಯ ಸಾಧನೆಗೆ ಅದೇ ಶ್ರುತಿ ಇಟ್ಟುಕೊಳ್ಳಬೇಕು ಅಂತ ಯಾವ ಕಟ್ಟಳೆಯೂ ಇಲ್ಲ. ರಜೆಯ ದಿನ ಬೆಳಿಗ್ಗೆ ದನಿ ಹಸನಾಗಿರುವಾಗ ಪರೀಕ್ಷೆ ಮಾಡಿ. ಮಂದ್ರ ಪಂಚಮ (ಕೆಳಗಿನ ಪ) ಕೇಳಿಸುವ ಹಾಗೆ ನಿಲ್ಲಬೇಕು. ತಾರ ಗಾಂಧಾರ (ಮೇಲಿನ ಗ) ಬರೀ ಮುಟ್ಟಿ ಬರುವುದಲ್ಲ, ಕತ್ತಿನ ನರ ಉಬ್ಬದೆ, ಗಲ್ಲ ಮೇಲೇರದೆ ಅಲ್ಲಿ ನಾಲ್ಕು ಅಕ್ಷರ ಕಾಲ ನಿಲ್ಲಲು ಆಗಬೇಕು. ಎರಡೂ ಎಲ್ಲಿ ಕೂಡಿ ಬರುತ್ತದೋ ಅದು ನಿಮ್ಮ ಶ್ರುತಿ. ಐದಕ್ಕೆ ಬರಬಹುದು, ನಾಲ್ಕೂವರೆಗೂ ಬರಬಹುದು. ಶ್ರುತಿಯನ್ನು ಅರ್ಧ ಮನೆ ಇಳಿಸಿದರೆ ಮರ್ಯಾದೆ ಹೋಯಿತು ಅಂದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೇಳುವವರಿಗೆ ಬೇಕಾದದ್ದು ನೆಮ್ಮದಿಯಾಗಿ ನಿಂತ ಷಡ್ಜ.

ಗಂಗೂಬಾಯಿ ಹಾನಗಲ್ ಅವರನ್ನು ನೆನಪಿಸಿಕೊಳ್ಳಿ. 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಅನ್ನುವ ಹೆಸರಿನಲ್ಲಿ ಬಂದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಎಳೆಯ, ತೆಳುವಾದ, ಏರುದನಿ. ಆಮೇಲೆ ಟಾನ್ಸಿಲ್ ತೊಂದರೆ, ಚಿಕಿತ್ಸೆ ಆಗಿ ದನಿ ಪೂರ್ತಿ ಇಳಿದುಬಿಟ್ಟಿತು. ಮುಖ ನೋಡದೆ ಕೇಳಿದವರು ಗಂಡಸು ಅಂದುಕೊಳ್ಳುವಷ್ಟು ಗಂಭೀರವಾಯಿತು. ಹಳೆಯ ಏರುದನಿಯನ್ನು ಹಿಂಡಿ ತೆಗೆಯಲು ಅವರು ಹೋಗಲಿಲ್ಲ. ಬಂದ ದನಿಗೆ ತಕ್ಕ ಶ್ರುತಿಯಲ್ಲಿ, ಕುಂದಗೋಳದ ಸವಾಯಿ ಗಂಧರ್ವರು ಕಲಿಸಿದ ಹಾಗೆ ಒಂದೊಂದೇ ಸ್ವರ ನಿಲ್ಲಿಸಿ ಹಾಡಿದರು. ಎಂಬತ್ತು ದಾಟಿದ ಮೇಲೂ ವೇದಿಕೆ ಏರಿದರು. ನಾವು ಇಂದು ಗಂಗೂಬಾಯಿ ಅಂತ ನೆನೆಯುವುದು ಆ ಎರಡನೇ ದನಿಯನ್ನೇ.

ಸಾಧನೆಯನ್ನು ಸಾಧ್ಯವಾದರೆ ಬೆಳಿಗ್ಗೆಗೆ ವರ್ಗಾಯಿಸಿ. ಶಾಲೆಗೆ ಹೊರಡುವ ಮೊದಲು ಅರ್ಧ ಗಂಟೆ ಸಿಕ್ಕರೂ ಅದು ದಣಿದ ಗಂಟಲಿನ ಒಂದೂವರೆ ಗಂಟೆಗಿಂತ ಮೇಲು. ಬಾಯಿ ಮುಚ್ಚಿ ಮಕಾರದಲ್ಲಿ ಗುನುಗುತ್ತಾ ಶುರು ಮಾಡಿ, ಮಧ್ಯ ಷಡ್ಜದಿಂದ ನಿಧಾನಕ್ಕೆ ಮಂದ್ರಕ್ಕೆ ಇಳಿಯಿರಿ. ತುಟಿಗಳನ್ನು ಬುರ್ ಅಂತ ಅದುರಿಸುತ್ತಾ ಸ ರಿ ಗ ಮ ಏರಿ ಇಳಿಯುವುದು, ಇಲ್ಲವೇ ಸಣ್ಣ ಸ್ಟ್ರಾ ಬಾಯಲ್ಲಿಟ್ಟು ಅದರೊಳಗೆ ಸ್ವರ ಹಿಡಿಯುವುದು ಕೂಡ ಒಳ್ಳೆಯದು. ಬಾಯಿಯ ಕಡೆ ದಾರಿ ಕಿರಿದಾದಾಗ ಅಲ್ಲಿಂದ ಹಿಂದಕ್ಕೆ ಬರುವ ಒತ್ತಡ ತಂತುಗಳನ್ನು ಹಗುರವಾಗಿ ತಾಗುವಂತೆ ಮಾಡುತ್ತದೆ. ಶಾಲೆಯ ಎರಡು ಪೀರಿಯಡ್ ನಡುವೆಯೂ ಒಂದೆರಡು ನಿಮಿಷ ಮಾಡಬಹುದು. ಅಕಾರ ಸಾಧನೆ, ಮೂರನೇ ಕಾಲದ ವರಸೆ ಎಲ್ಲ ಆಮೇಲೆ. ಸಂಜೆ ದನಿ ದಣಿದಿದ್ದರೆ ಹಾಡಬೇಡಿ. ಸಾಹಿತ್ಯ ಬಾಯಿಪಾಠ ಮಾಡಿ, ತಾಳ ಹಾಕಿ ಮನಸ್ಸಿನಲ್ಲೇ ಹಾಡಿಕೊಳ್ಳಿ, ರೆಕಾರ್ಡಿಂಗ್ ಕೇಳಿ. ಅದೂ ಸಾಧನೆಯೇ.

ಹೆಂಗಸರಿಗೆ ಯಾರೂ ಹೇಳದ ಒಂದು ಮಾತು ಇಲ್ಲಿ ಹೇಳುತ್ತೇನೆ. ಮುಟ್ಟಿನ ಮುಂಚಿನ ಕೆಲವು ದಿನ ಕೆಲವರಲ್ಲಿ ಧ್ವನಿತಂತುಗಳು ಸ್ವಲ್ಪ ಊದಿಕೊಳ್ಳುತ್ತವೆ, ಅದರೊಳಗಿನ ಸಣ್ಣ ರಕ್ತನಾಳಗಳು ನಾಜೂಕಾಗುತ್ತವೆ. ದನಿ ಭಾರ ಅನ್ನಿಸುವುದು ಭ್ರಮೆಯಲ್ಲ. ಆ ದಿನಗಳಲ್ಲಿ ಜೋರಾದ ಬಿರ್ಕಾ (ವೇಗದ ಸ್ವರಗುಚ್ಛ), ತಾರಸ್ಥಾಯಿ ಕಡಿಮೆ ಮಾಡಿ. ಹೊಟ್ಟೆನೋವಿಗೆ ಆಸ್ಪಿರಿನ್, ಐಬುಪ್ರೊಫೇನ್‌ನಂಥ ಮಾತ್ರೆ ನುಂಗಿ ಹೋಗಿ ಗಟ್ಟಿಯಾಗಿ ಹಾಡಬೇಡಿ, ಅವು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತವೆ. ಬದಲಿಗೆ ಏನು ತೆಗೆದುಕೊಳ್ಳಬಹುದು ಅಂತ ನಿಮ್ಮ ಡಾಕ್ಟರನ್ನು ಕೇಳಿ. ನೆಗಡಿ ಮಾತ್ರೆಗಳಲ್ಲಿ ಹಲವು ಗಂಟಲನ್ನು ಒಣಗಿಸುತ್ತವೆ, ಅದೂ ತಿಳಿದಿರಲಿ.

ಇವೆಲ್ಲದರ ಜೊತೆಗೆ ಒಂದು ಸಲ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ದನಿ ಒರಟಾಗಿ ಮೂರು ವಾರ ದಾಟಿದರೆ ಯಾರೇ ಆದರೂ ತೋರಿಸಲೇಬೇಕು. ಹಾಡುಗಾರರು ಅಷ್ಟೂ ಕಾಯಬಾರದು. ಹಾಡುತ್ತಿರುವಾಗಲೇ ಥಟ್ಟನೆ ದನಿ ಹೋದರೆ ಅಲ್ಲೇ ನಿಲ್ಲಿಸಿ, ಮಾತನ್ನೂ ನಿಲ್ಲಿಸಿ, ಅಂದೇ ಅಥವಾ ಮಾರನೆಯ ದಿನವೇ ಹೋಗಿ. ತಂತುವಿನೊಳಗೆ ರಕ್ತ ಕಟ್ಟಿರಬಹುದು. ಸಣ್ಣ ಕ್ಯಾಮೆರಾ ಇಟ್ಟು ನೋಡುತ್ತಾರೆ, ಸ್ಟ್ರೋಬೋಸ್ಕೋಪಿ ಇದ್ದರೆ ತಂತುಗಳ ಅಲೆ ನಿಧಾನಗತಿಯಲ್ಲಿ ಕಾಣುತ್ತದೆ. ಟೀಚರ್‌ಗಳಲ್ಲೂ ಹಾಡುವವರಲ್ಲೂ ಹೆಚ್ಚಾಗಿ ಸಿಗುವುದು ನಾಡ್ಯೂಲ್, ಗುದ್ದಲಿ ಹಿಡಿದ ಕೈಯಲ್ಲಿ ಜಡ್ಡುಗಟ್ಟುವ ಹಾಗೆ ಎರಡೂ ತಂತುಗಳ ಮೇಲೆ ಎದುರುಬದುರಾಗಿ ಮೂಡುವ ಸಣ್ಣ ಗಂಟು. ಆ ಹೆಸರು ಕೇಳಿ ಹೆದರಬೇಡಿ. ಬಹಳಷ್ಟು ಸಲ ಆಪರೇಷನ್ ಬೇಕಾಗುವುದಿಲ್ಲ, ವಾಯ್ಸ್ ಥೆರಪಿಯಲ್ಲೇ ಕರಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಧ್ವನಿಯ ತೊಂದರೆಗಳನ್ನು ಅಲ್ಲಿ ನೋಡುತ್ತಾರೆ. ದೂರವಾದರೆ ನಿಮ್ಮ ಊರಿನ ಇಎನ್‌ಟಿ ಡಾಕ್ಟರ ಹತ್ತಿರ ಸ್ಪೀಚ್ ಥೆರಪಿಸ್ಟ್ ಯಾರು ಅಂತ ಕೇಳಿ.

ಡಾಕ್ಟರ್ ನೋಡಿ ಹಾಡಬಹುದು ಅಂದರೆ ರಾಮನವಮಿಗೆ ಹೀಗೆ ಮಾಡಿ. ಐದಕ್ಕೆ ಇಳಿಸಿ ಈಗಲೇ ಅಭ್ಯಾಸ ಶುರು ಮಾಡಿ, ಪಕ್ಕವಾದ್ಯದವರಿಗೆ ಮೊದಲೇ ತಿಳಿಸಿ. ಚೆನ್ನಾಗಿ ಪಳಗಿದ ವರ್ಣದಿಂದ ಆರಂಭಿಸಿ. ತಾರಸ್ಥಾಯಿಯಲ್ಲೇ ಎತ್ತುಗಡೆ ಇರುವ ಕೃತಿಯನ್ನು ಮೊದಲು ಇಡಬೇಡಿ, ಗಂಟಲು ಕಾದ ಮೇಲೆ ಮಧ್ಯದಲ್ಲಿ ಒಂದೇ ಒಂದು ಸಾಕು. ಅದರ ಪಕ್ಕಕ್ಕೆ ನಾದನಾಮಕ್ರಿಯೆ ಅಥವಾ ಪುನ್ನಾಗವರಾಳಿಯಲ್ಲಿ ಏನಾದರೂ ಇಟ್ಟುಕೊಳ್ಳಿ. ಅವು ನಿಷಾದಕ್ಕೇ ನಿಲ್ಲುವ ರಾಗಗಳು, ತಾರ ಷಡ್ಜಕ್ಕೆ ಹೋಗುವುದೇ ಇಲ್ಲ. ಮಧ್ಯಮ ಶ್ರುತಿಗೆ (ಮ ಸ್ವರವನ್ನೇ ಸ ಆಗಿಟ್ಟುಕೊಳ್ಳುವುದು) ಏರಿಸದೆ ನಿಮ್ಮ ಮಾಮೂಲಿ ಶ್ರುತಿಯಲ್ಲೇ ಹಾಡಿದರೆ ಗಂಟಲಿಗೆ ಒಳ್ಳೆಯ ಬಿಡುವು. ಮೈಕಿನವರಿಗೆ ಹೇಳಿ ಒಂದು ಸ್ಪೀಕರ್ ನಿಮ್ಮ ಕಡೆ ತಿರುಗಿಸಿಕೊಳ್ಳಿ. ನಿಮ್ಮ ದನಿ ನಿಮಗೆ ಕೇಳದಿದ್ದರೆ ಕಿರುಚಲು ಶುರು ಮಾಡುತ್ತೀರಿ. ಹಬ್ಬದ ಹಿಂದಿನ ದಿನ ಶಾಲೆಗೆ ರಜೆ ಹಾಕಲು ಆದರೆ ಹಾಕಿಬಿಡಿ. ಕೃತಿಗಳ ಪಟ್ಟಿ ಮಾಡಿಕೊಂಡ ಮೇಲೆ ಇಲ್ಲಿ ಹಾಕಿ, ಕ್ರಮ ಹೇಗಿರಬೇಕು ಅಂತ ನೋಡಿ ಹೇಳುತ್ತೇನೆ.