ಸಂಬಳದ ಸಾಲೇ ಇಲ್ಲದ ಲೆಕ್ಕ

ಸ್ವಂತ ಅಂಗಡಿ ನಡೆಸುವವರ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುವ ಒಂದು ತೂತಿದೆ. ಅದಕ್ಕಾಗಿಯೇ ಚಿಕ್ಕಮಗಳೂರಿನ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದೆ.

ಆಕೆಗೆ ನಲವತ್ತರ ಆಸುಪಾಸು. ಹನ್ನೊಂದು ವರ್ಷದ ಕಾಫಿಪುಡಿ ಅಂಗಡಿ. ಮಗಳು ಎಸ್ಸೆಸ್ಸೆಲ್ಸಿ. ಸಾಲ ಮಾಡಿ ಹಾಸನದಲ್ಲೂ ಅಂಗಡಿ ತೆರೆಯುವ ಯೋಚನೆ. ನನ್ನ ಬಳಿ ಸಲಹೆಗೆ ಬಂದದ್ದು ಮಾತ್ರ ನಿದ್ದೆ ಬರುವುದಿಲ್ಲವೆಂದು.

ಎರಡನೇ ಭೇಟಿಗೆ ಲೆಕ್ಕದ ಪುಸ್ತಕ ತರಿಸಿದೆ. ತಿಂಗಳಿಗೆ 250 ಕಿಲೋ ವ್ಯಾಪಾರ. ಬೀಜ, ಚಿಕೋರಿಯ ಖರ್ಚು ಕಳೆದು ಕಿಲೋಗೆ ಕೈಗೆ ಬರುವುದು 160 ರೂಪಾಯಿ. ಬಾಡಿಗೆ, ಕರೆಂಟು, ಹುಡುಗನ ಸಂಬಳಕ್ಕೆ 17,500 ಹೋಗಿ ಉಳಿಯುವುದು 22,500.

"ಇದರಲ್ಲಿ ನಿಮ್ಮ ಸಂಬಳ?"

"ನಂಗೆಂಥ ಸಂಬಳ ಮೇಡಂ, ನಂದೇ ಅಂಗಡಿ ಅಲ್ವಾ?"

ಕಿಲೋ ಬೀಜ ಹುರಿದರೆ 800ರಿಂದ 850 ಗ್ರಾಂ ಉಳಿಯುತ್ತದೆ ಎಂದು ಥಟ್ಟನೆ ಹೇಳುವವರು, ತನ್ನ ದಿನದ 12 ಗಂಟೆಯನ್ನು ಎಲ್ಲೂ ಬರೆದಿರಲಿಲ್ಲ. ಅವರ ಜಾಗಕ್ಕೆ ಆಳಿಟ್ಟರೆ 15,000 ಕೊಡಬೇಕು. ಹಾಗಾದರೆ ಲಾಭ 7,500 ಅಷ್ಟೇ. 6 ಲಕ್ಷ ಸಾಲಕ್ಕೆ 12% ಬಡ್ಡಿ, 5 ವರ್ಷವೆಂದರೆ ಕಂತೇ ಸುಮಾರು 13,350. ಹಾಸನದ ಬಾಡಿಗೆ 8,000, ಆಳಿಗೆ 12,000, ಕರೆಂಟು-ಸಾಗಾಟಕ್ಕೆ 3,000. ಅಲ್ಲಿ ತಿಂಗಳಿಗೆ 228 ಕಿಲೋ ಮಾರಿದರೆ ಕೈಯಿಂದ ಹಾಕುವುದು ತಪ್ಪುತ್ತದೆ, ಬೇರೇನೂ ಸಿಗುವುದಿಲ್ಲ.

ಆಮೇಲೆ ಹಾಳೆ ಮಡಚಿಟ್ಟು, ಇನ್ನು ಮೂರು ವರ್ಷದಲ್ಲಿ ಏನು ಬೇಕೆಂದು ಕೇಳಿದೆ. "ಸಂಜೆ ಏಳಕ್ಕೆ ಮನೇಲಿರ್ಬೇಕು. ಮಗಳು ಓದುವಾಗ ಪಕ್ಕದಲ್ಲಿ ಕೂತ್ಕೋಬೇಕು." ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು: "ಹಂಗಾದ್ರೆ ಹಾಸನದ ಅಂಗಡಿ ಯಾರಿಗೆ ಬೇಕಾಗಿರೋದು?"

ಸಲಹೆ ಹೀಗಿತ್ತು: ಪ್ರತಿ ತಿಂಗಳ 1ನೇ ತಾರೀಕು 15,000 ತಮ್ಮದೇ ಬೇರೆ ಖಾತೆಗೆ. ಹುಡುಗನಿಗೆ ಹುರಿಯುವುದು ಕಲಿಸಿ, ಏಳರ ನಂತರ ಅಂಗಡಿ ಅವನ ಕೈಗೆ. ಪರೀಕ್ಷೆ ಮುಗಿಯುವ ತನಕ ಸಾಲದ ಅರ್ಜಿ ಬೇಡ. ಅಷ್ಟರಲ್ಲಿ ಹಾಸನದ ಎರಡು-ಮೂರು ದಿನಸಿ ಅಂಗಡಿಗಳಿಗೆ ಕಾಲು ಕಿಲೋ ಪ್ಯಾಕೆಟ್ ಕೊಟ್ಟು ಬೇಡಿಕೆ ನೋಡುವುದು. ಪ್ಯಾಕೆಟ್ ಮೇಲೆ ಕಾಫಿ, ಚಿಕೋರಿ ಪ್ರಮಾಣ ಹಾಕಲೇಬೇಕು. ಚಿಕೋರಿ 49% ಮೀರುವಂತಿಲ್ಲ.

ಬೆಳೆಯುವ ಹೊತ್ತಲ್ಲಿ ಧೈರ್ಯ ಕುಗ್ಗಿಸಿದಿರಿ ಎಂದು ಗಂಡ ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಮನೆಯ ಆಸೆಯನ್ನು ಲೆಕ್ಕದ ಹೊರಗಿಟ್ಟು ಮಾಡಿದ ಸಾಲವನ್ನು ಕೊನೆಗೆ ಮನೆಯವರ ನಿದ್ದೆಯೇ ತೀರಿಸುತ್ತದೆ.

ಮೂರನೇ ತಿಂಗಳು ಬೀಜದ ದರ ಏರಿ ಸಂಬಳ ತೆಗೆಯಲಾಗಲಿಲ್ಲವಂತೆ. ಅದನ್ನು ಅಂಗಡಿ ತನಗೆ ಕೊಡಬೇಕಾದ ಬಾಕಿಯೆಂದು ಬರೆದಿಡಲು ಹೇಳಿದ್ದೇನೆ.